ಏಳು ಮುಖಗಳು: ‘ಕಮೊಡೋರ್’ ಮುಳುಗಿದ ಪ್ರಕರಣ

ಮುಳುಗುತ್ತಿರುವ ಹಡಗು. ಡೆಕ್ಕಿನ ಮೇಲೆ ಒಬ್ಬ ಕೈಕಟ್ಟಿಕೊಂಡು, ಅಲ್ಲಿನ ಕೋಣೆಯ ಗೋಡೆಗೆ ಒರಗಿ ನಿಂತಿದ್ದಾನೆ. ಕಾಲಿಗೆ ಕಾಲು ಅಡ್ಡ ಹಾಕಿದ್ದಾನೆ. ಎಡಗಾಲಿನ ತುದಿ ಕೆಳಮುಖವಾಗಿದೆ. ಬಸ್ಸಿಗೆ ಕಾಯುವವರು ಹೀಗೆ ನಿಲ್ಲುವುದುಂಟು. ಇನ್ನು ಸ್ವಲ್ಪ ಹೊತ್ತಿಗೆ ಅವನು ಸಾಯುತ್ತಾನೆ. ಅಷ್ಟು ದೂರದಲ್ಲಿ ಪುಟ್ಟ ದೋಣಿಯೊಂದರಲ್ಲಿ ಕೂತು ನಾಲ್ವರು ಅವನನ್ನೇ ನೋಡುತ್ತಿದ್ದಾರೆ. ಯಾರ ಬಾಯಿಂದಲೂ ಮಾತಿಲ್ಲ.

ಆ ನಾಲ್ವರಲ್ಲಿ ಒಬ್ಬ ಸ್ಟೀಫನ್ ಕ್ರೇನ್, ಅಮೆರಿಕದ ಕಾದಂಬರಿಕಾರ, ವಯಸ್ಸು 25. ದಿನ 1897ರ ಜನವರಿ 2, ಬೆಳಗಿನ ಹೊತ್ತು. ಜಾಗ ಫ್ಲಾರಿಡಾ ಕರಾವಳಿಯ ಆಚೆಗಿನ ಅಟ್ಲಾಂಟಿಕ್. ಈ ಘಟನೆಯನ್ನು ಅವನು ಎರಡು ಸಲ ಬರೆದ. ಮೊದಲನೆಯದು ಐದು ದಿನದೊಳಗೆ ಬಂದ ಪತ್ರಿಕಾ ವರದಿ. ಎರಡನೆಯದು ಐದು ತಿಂಗಳ ಮೇಲೆ ಮಾಸಪತ್ರಿಕೆಯಲ್ಲಿ ಬಂದ ಕಥೆ. ಕತೆಗಾರನ ಕಣ್ಣಿಗಷ್ಟೇ ಬೀಳಬಹುದಾದ ಆ ಎಡಗಾಲಿನ ತುದಿ ಇರುವುದು ವರದಿಯಲ್ಲಿ. ಕಥೆಯಲ್ಲಿ ಆ ಮನುಷ್ಯನೇ ಇಲ್ಲ. ಈ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನನಗಿರುವ ಕಾರಣ ಇದೇ.

ಯುದ್ಧ ನೋಡದೆ ಯುದ್ಧ ಬರೆದವ

ಕ್ರೇನ್ ಹುಟ್ಟಿದ್ದು 1871ರ ನವೆಂಬರ್ 1ರಂದು, ನ್ಯೂಜೆರ್ಸಿಯ ನೆವಾರ್ಕ್‌ನಲ್ಲಿ. ಮೆಥಡಿಸ್ಟ್ ಪಾದ್ರಿಯೊಬ್ಬನ 14ನೆಯ ಮಗು. ಎಂಟು ವರ್ಷಕ್ಕೆ ಅಪ್ಪ ಹೋದ, ಇಪ್ಪತ್ತಕ್ಕೆ ಅಮ್ಮ. ಎರಡು ಕಾಲೇಜು ಸೇರಿ ಎರಡನ್ನೂ ಬಿಟ್ಟ. ಸಿರಕ್ಯೂಸ್‌ನಲ್ಲಿ ಓದಿದ್ದಕ್ಕಿಂತ ಬೇಸ್‌ಬಾಲ್ ಆಡಿದ್ದೇ ಹೆಚ್ಚು. ನ್ಯೂಯಾರ್ಕಿನ ಬಡಕೇರಿಗಳಲ್ಲಿ ಅಲೆದು ‘ಮ್ಯಾಗಿ’ ಎಂಬ ಕಾದಂಬರಿ ಬರೆದ. ಪ್ರಕಾಶಕರು ಮುಟ್ಟಲಿಲ್ಲ. 1893ರಲ್ಲಿ ಜಾನ್‌ಸ್ಟನ್ ಸ್ಮಿತ್ ಎಂಬ ಸುಳ್ಳು ಹೆಸರಿಟ್ಟುಕೊಂಡು, ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಿದ. ಕೊಳ್ಳುವವರಿರಲಿಲ್ಲ.

ಹೆಸರು ಬಂದದ್ದು 1895ರಲ್ಲಿ, ‘ದಿ ರೆಡ್ ಬ್ಯಾಜ್ ಆಫ್ ಕರೇಜ್’ ಪುಸ್ತಕವಾಗಿ ಹೊರಬಂದಾಗ. ಅಮೆರಿಕದ ಅಂತರ್ಯುದ್ಧದಲ್ಲಿ ಹೆದರಿ ಓಡುವ ಎಳೆಯ ಸೈನಿಕನೊಬ್ಬನ ಕತೆ ಅದು. ಆ ಯುದ್ಧ ಮುಗಿದದ್ದು ಕ್ರೇನ್ ಹುಟ್ಟುವ ಆರು ವರ್ಷ ಮೊದಲು. ಮಾಸಪತ್ರಿಕೆಗಳಲ್ಲಿ ಬಂದ ಹಳೇ ಸೇನಾಧಿಕಾರಿಗಳ ನೆನಪುಗಳನ್ನು ಓದಿದ್ದ, ಮುದಿ ಯೋಧರ ಮಾತು ಕೇಳಿದ್ದ, ಅಷ್ಟೇ. ಓದಿದವರು ಮಾತ್ರ ಈತ ರಣರಂಗದಿಂದಲೇ ಎದ್ದು ಬಂದವನೆಂದು ನಂಬಿದರು.

ಹೊಗಳಿಕೆ ಹೆಗಲಿಗೆ ಹೊರೆಯಾಗುವುದು ಇಂಥ ಕಡೆ. ನೋಡದ್ದನ್ನು ನೋಡಿದವನ ಹಾಗೆ ಬರೆದೆ, ನೋಡಿದ್ದರೆ ಏನಾಗುತ್ತಿತ್ತು? ಈ ಪ್ರಶ್ನೆ ಅವನನ್ನು ಕೊನೆಯವರೆಗೂ ಬಿಡಲಿಲ್ಲವೆಂದೇ ನನಗೆ ತೋರುತ್ತದೆ. ಜೊತೆಗೆ ನ್ಯೂಯಾರ್ಕಿನಲ್ಲಿ ಇರುವಂತೆಯೂ ಇರಲಿಲ್ಲ. 1896ರ ಸೆಪ್ಟೆಂಬರ್‌ನಲ್ಲಿ ಡೋರಾ ಕ್ಲಾರ್ಕ್ ಎಂಬ ಹೆಂಗಸನ್ನು ವೇಶ್ಯೆಯೆಂದು ಹಿಡಿದೊಯ್ದ ಪೊಲೀಸನ ವಿರುದ್ಧ ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದ; ಅಲ್ಲಿಂದಾಚೆ ಪೊಲೀಸರ ಕಣ್ಣು ಅವನ ಮೇಲೆ. (ಚಾರ್ಲ್ಸ್ ಬೆಕರ್ ಎಂಬ ಆ ಪೊಲೀಸನೇ ಮುಂದೆ 1915ರಲ್ಲಿ, ಕೊಲೆ ಪ್ರಕರಣವೊಂದರಲ್ಲಿ ಮರಣದಂಡನೆಗೆ ಗುರಿಯಾದ. ಅದು ಬೇರೆಯದೇ ಕತೆ.)

ಕ್ಯೂಬಾದಲ್ಲಿ ಸ್ಪೇನಿನ ವಿರುದ್ಧ 1895ರಿಂದ ದಂಗೆ ನಡೆದಿತ್ತು. ಹಲವು ಪತ್ರಿಕೆಗಳಿಗೆ ಬರಹ ಪೂರೈಸುತ್ತಿದ್ದ ಬ್ಯಾಚೆಲರ್ ಎಂಬ ಸಂಸ್ಥೆ ಕ್ರೇನ್‌ಗೆ 700 ಡಾಲರ್ ಬೆಲೆಯ ಸ್ಪ್ಯಾನಿಷ್ ಚಿನ್ನದ ನಾಣ್ಯ ಕೊಟ್ಟು, ಹೋಗಿ ಬರೆ ಎಂದು ಕಳಿಸಿತು. ಅವನು ಫ್ಲಾರಿಡಾದ ಜಾಕ್ಸನ್‌ವಿಲ್‌ಗೆ ಬಂದಿಳಿದ. ಸ್ಯಾಮ್ಯುಯೆಲ್ ಕಾರ್ಲ್‌ಟನ್ ಎಂಬ ಇನ್ನೊಂದು ಸುಳ್ಳು ಹೆಸರಿನಲ್ಲಿ ಹೋಟೆಲ್ ಹಿಡಿದ. ಮುಂದೆ ಕೊನೆಯತನಕ ಜೊತೆಗಿದ್ದ ಕೋರಾ ಅವನಿಗೆ ಸಿಕ್ಕಿದ್ದೂ ಆ ಊರಿನಲ್ಲೇ.

ಡಿಸೆಂಬರ್ 31ರಿಂದ ಜನವರಿ 3

ದಂಗೆಕೋರರಿಗೆ ಬಂದೂಕು, ಮದ್ದುಗುಂಡು ಹೊತ್ತು ಹೊರಟಿದ್ದ ‘ಕಮೊಡೋರ್’ ಎಂಬ ಹಡಗಿಗೆ ಕ್ರೇನ್ ಹತ್ತಿದ್ದು ಡಿಸೆಂಬರ್ 31ರಂದು. ದಾಖಲೆಯಲ್ಲಿ ಅವನು ಪತ್ರಕರ್ತನಲ್ಲ, ತಿಂಗಳಿಗೆ 20 ಡಾಲರ್ ಸಂಬಳದ ನಾವಿಕ. ಹಡಗಿನಲ್ಲಿ 27-28 ಜನ.

ಊರು ದಾಟಿ ಎರಡು ಮೈಲಿ ಆಗಿರಲಿಲ್ಲ, ಮಂಜಿನಲ್ಲಿ ಹಡಗು ಸೇಂಟ್ ಜಾನ್ಸ್ ನದಿಯ ಮರಳದಿಣ್ಣೆಗೆ ಸಿಕ್ಕಿಬಿತ್ತು. ಮಾರನೆಯ ದಿನ ‘ಬೌಟ್‌ವೆಲ್’ ಎಂಬ ಸರ್ಕಾರಿ ಕಾವಲು ಹಡಗು ಬಂದು ಎಳೆದು ಬಿಡಿಸಿತು. ಅಳಿವೆಯ ಹತ್ತಿರ, ಮೇಪೋರ್ಟ್‌ನಲ್ಲಿ, ಮತ್ತೆ ತಳ ಕಚ್ಚಿತು. ಎರಡು ಸಲ ಹೊಟ್ಟೆ ಉಜ್ಜಿಸಿಕೊಂಡ ಹಡಗನ್ನು ನಿಲ್ಲಿಸಿ ತಳ ನೋಡದೆ ಕ್ಯಾಪ್ಟನ್ ಎಡ್ವರ್ಡ್ ಮರ್ಫಿ ಹಾಗೇ ಕಡಲಿಗೆ ಬಿಟ್ಟ. ಯಾರೋ ಬೇಕೆಂತಲೇ ಹಾಳುಗೆಡವಿದರು ಎಂಬ ಗುಲ್ಲು ಆಮೇಲೆ ಎದ್ದಿತು, ಸಾಬೀತಾಗಲಿಲ್ಲ. ನನಗಂತೂ ಅಷ್ಟು ದೂರ ಹೋಗಬೇಕೆನಿಸುವುದಿಲ್ಲ. ಎರಡು ಮರಳದಿಣ್ಣೆ ಸಾಕು.

ಜನವರಿ 1ರ ರಾತ್ರಿ ತಳದಲ್ಲಿ ನೀರು ಕಾಣಿಸಿತು. ಪಂಪುಗಳು ಕೈಕೊಟ್ಟವು. ಕ್ರೇನ್ ಇಂಜಿನ್ ಕೋಣೆಗಿಳಿದು ಬಕೆಟ್ಟಿನಿಂದ ನೀರೆತ್ತುವವರ ಸಾಲಿನಲ್ಲಿ ನಿಂತ. ಆ ಬಿಸಿ, ಆ ಕತ್ತಲೆ, ಆ ಬೆಂಕಿಯನ್ನು ಅವನು ನರಕದ ಅಡುಗೆಮನೆಗೆ ಹೋಲಿಸುತ್ತಾನೆ. ಮಸ್ಕೀಟೋ ಅಳಿವೆಯಿಂದ ಸುಮಾರು 16 ಮೈಲಿ ಆಚೆ ಹಡಗು ನಿಂತೇಹೋಯಿತು. ದೋಣಿಗಳನ್ನು ಇಳಿಸಿದರು. ಕಟ್ಟಕಡೆಗೆ ಉಳಿದ ಹತ್ತಡಿಯ ಡಿಂಗಿಗೆ ನಾಲ್ವರು ಇಳಿದರು: ಗಾಯಗೊಂಡ ಕ್ಯಾಪ್ಟನ್ ಮರ್ಫಿ, ಅಡುಗೆಯವ ಚಾರ್ಲ್ಸ್ ಮಾಂಟ್‌ಗೊಮರಿ, ಇಂಜಿನ್ನಿಗೆ ಎಣ್ಣೆ ಹಾಕುವ ಬಿಲ್ಲಿ ಹಿಗಿನ್ಸ್, ಮತ್ತು ಕ್ರೇನ್.

ಸುಮಾರು 30 ಗಂಟೆ ಅವರು ಆ ಡಿಂಗಿಯಲ್ಲಿ ಕಳೆದರು. ಜನವರಿ 3ರಂದು ಡೇಟೋನಾದ ದಡದ ಹತ್ತಿರ ತೆರೆಗೆ ಸಿಕ್ಕಿ ದೋಣಿ ಮಗುಚಿತು. ಮೂವರು ಬದುಕಿದರು. ಬಿಲ್ಲಿ ಹಿಗಿನ್ಸ್ ಬದುಕಲಿಲ್ಲ.

ಹಗ್ಗ

ಮೇಲಿನದು ಯಾವ ವಿಶ್ವಕೋಶದಲ್ಲೂ ಸಿಗುವ ವಿವರ. ಪ್ರಕರಣ ನಿಜಕ್ಕೂ ಶುರುವಾಗುವುದು ಡಿಂಗಿ ಹಡಗಿನಿಂದ ಬಿಡಿಸಿಕೊಂಡು, ಇನ್ನೂ ಅಲ್ಲೇ ಸುಳಿದಾಡುತ್ತಿದ್ದಾಗ. ಜನವರಿ 7ರ ‘ನ್ಯೂಯಾರ್ಕ್ ಪ್ರೆಸ್’ನಲ್ಲಿ ಕ್ರೇನ್ ಇದನ್ನು ಬಿಡಿಸಿ ಬರೆದಿದ್ದಾನೆ.

ಇಳಿಸಿದ್ದ ದೋಣಿಗಳಲ್ಲಿ ಒಂದು ಒಡೆದು, ಅದರಲ್ಲಿದ್ದವರು ಮತ್ತೆ ಹಡಗಿಗೇ ಹತ್ತಿದ್ದರು. ಒಟ್ಟು ಏಳು ಜನ. ಕೈಗೆ ಸಿಕ್ಕಿದ್ದರಲ್ಲಿ ತೆಪ್ಪ ಕಟ್ಟಿದ್ದರು. ಹಾರಿ ಎಂದು ಕ್ಯಾಪ್ಟನ್ ಕೂಗಿದ. ಮುದಿ ಮುಖ್ಯ ಇಂಜಿನಿಯರ್ ಮೊದಲು ಹಾರಿದ. ತೆಪ್ಪವನ್ನು ಹೇಗೆ ಹಿಡಿಯಬೇಕೆಂದು ಕ್ಯಾಪ್ಟನ್ ಹೇಳಿದ್ದನ್ನು ಶಾಲೆಯ ಹುಡುಗನಂತೆ ಕೇಳಿ ಹಾಗೇ ಹಿಡಿದುಕೊಂಡ. ಅವನ ಹಿಂದೆ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನೊಬ್ಬ. ಆಮೇಲೆ ಮೊದಲನೆಯ ಮೇಟ್, ಅಂದರೆ ಕ್ಯಾಪ್ಟನ್‌ನ ನಂತರದ ಅಧಿಕಾರಿ, ಎರಡೂ ಕೈಯನ್ನು ತಲೆಯ ಮೇಲೆತ್ತಿ ತೆಪ್ಪಕ್ಕಲ್ಲ, ಸೀದಾ ಸಮುದ್ರಕ್ಕೇ ಧುಮುಕಿದ. ಆ ಕೈಗಳಲ್ಲಿ, ತಲೆ ಕೊಡವಿದ ರೀತಿಯಲ್ಲಿ ತನಗೆ ಕಂಡದ್ದು ಸಿಟ್ಟು, ಸಿಟ್ಟು, ಹೇಳತೀರದ ಸಿಟ್ಟು ಎನ್ನುತ್ತಾನೆ ಕ್ರೇನ್. ಆಮೇಲೆ ಟಾಮ್ ಸ್ಮಿತ್ ಹಾರಿದ. ಇದೊಂದು ಸಲ ಮುಗಿಯಲಿ, ಈ ಕಳ್ಳಸಾಗಣೆಯ ಕಸುಬೇ ಬಿಡುತ್ತೇನೆ ಎಂದುಕೊಂಡಿದ್ದವನು ಅವನು. ಉಳಿದ ಮೂವರು ಹಾರಲೇ ಇಲ್ಲ. ಕೈಕಟ್ಟಿ ಒರಗಿ ನಿಂತವನು ಆ ಮೂವರಲ್ಲೊಬ್ಬ.

ತೆಪ್ಪದಿಂದ ಎಸೆದ ಹಗ್ಗವನ್ನು ಅಡುಗೆಯವನು ಹಿಡಿದುಕೊಂಡ, ಡಿಂಗಿಯಿಂದ ತೆಪ್ಪಗಳನ್ನು ಎಳೆಯಲು ನೋಡಿದರು. ಹತ್ತಡಿಯ ದೋಣಿ, ಅಂಚಿನಿಂದ ನೀರಿಗೆ ಗೇಣಷ್ಟೂ ಅಂತರವಿಲ್ಲ. ಎಳೆಯುತ್ತಿದ್ದ ದೋಣಿ ಇದ್ದಕ್ಕಿದ್ದಂತೆ ಹಿಂದಕ್ಕೆ ಸರಿಯತೊಡಗಿತು. ನೋಡಿದರೆ, ತೆಪ್ಪದ ಮೇಲಿದ್ದ ಆ ಕಲ್ಲಿದ್ದಲು ಹಾಕುವವನು, ಕಪ್ಪು ಮನುಷ್ಯ, ಕೈಮೇಲೆ ಕೈ ಹಾಕಿ ಹಗ್ಗವನ್ನು ತನ್ನತ್ತ ಎಳೆದುಕೊಳ್ಳುತ್ತಿದ್ದ. ಅವನ ಕೈ ದೋಣಿಯ ಅಂಚಿಗೆ ಬಿದ್ದರೆ ಎಲ್ಲರೂ ಮುಳುಗಿದಂತೆಯೇ. ಅಡುಗೆಯವನು ಹಗ್ಗ ಬಿಟ್ಟುಬಿಟ್ಟ.

ಒಂದು ಕಿರುಚಾಟವಿಲ್ಲ, ನರಳಾಟವಿಲ್ಲ; ಮೌನ, ಮೌನ, ಬರೀ ಮೌನ, ಆಮೇಲೆ ‘ಕಮೊಡೋರ್’ ಮುಳುಗಿತು ಎಂದು ಬರೆಯುತ್ತಾನೆ ಕ್ರೇನ್. ಹಡಗಿನ ಜೊತೆಗೇ ತೆಪ್ಪಗಳನ್ನೂ ಕಡಲು ನುಂಗಿತು.

ಇಲ್ಲಿ ಎರಡು ಮಾತು ಹೇಳಲೇಬೇಕು. ಒಂದು, ಹಗ್ಗ ಬಿಟ್ಟದ್ದನ್ನು ಕ್ರೇನ್ ಮುಚ್ಚಿಡಲಿಲ್ಲ. ಹೆಸರಾಂತ ಲೇಖಕ, ಬದುಕಿ ಬಂದಿದ್ದಾನೆ, ಊರೆಲ್ಲ ಶಹಬ್ಬಾಸ್ ಎನ್ನುತ್ತಿದೆ. ಈ ಸಾಲನ್ನು ನುಂಗಿಕೊಂಡಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅವನು ಬರೆದ. ಎರಡು, ಹಗ್ಗ ಎಳೆದವನ ವಿಷಯದಲ್ಲಿ ಅವನ ಕಣ್ಣು ಮಂಜಾಯಿತು. ಉಳಿದವರೆಲ್ಲ ಅವನ ಬರಹದಲ್ಲಿ ಮನುಷ್ಯರಾಗಿಯೇ ಸಾಯುತ್ತಾರೆ. ಈ ಒಬ್ಬ ಮಾತ್ರ ದೆವ್ವವಾಗುತ್ತಾನೆ, ಹುಲಿಯಾಗುತ್ತಾನೆ. ಮುಳುಗುವವನು ಕೈಗೆ ಸಿಕ್ಕ ಹಗ್ಗ ಎಳೆದುಕೊಂಡಿದ್ದಾನೆ, ಅದರಲ್ಲಿ ದೆವ್ವದ್ದೇನು ಬಂತು? ಆ ಕಾಲದ ಬಿಳಿಯರ ಪತ್ರಿಕೆಗಳ ಭಾಷೆ ಅದು ಎಂದು ಪಕ್ಕಕ್ಕಿಡಬಹುದು. ಆದರೆ ಅದೇ ಗಳಿಗೆಯಲ್ಲಿ, ಮೇಲಕ್ಕೆ ಕೈಚಾಚುವ ದಾರಿಗೆಟ್ಟವನ ಮುಖ ಅದು ಎಂದೂ ಕ್ರೇನ್ ಬರೆದಿದ್ದಾನೆ. ಅಂದರೆ ಅವನಿಗೆ ಮುಖ ಕಂಡಿತ್ತು. ದೆವ್ವ ಎಂದದ್ದು ಕಂಡ ಮೇಲೆ.

ಗುಂಡುಸೂಜಿಯ ತುದಿ

ವರದಿಯ ಆಕಾರ ವಿಚಿತ್ರ. ಹಡಗು ತುಂಬಿದ್ದು, ಮರಳಿಗೆ ಸಿಕ್ಕಿದ್ದು, ಪಂಪು ಕೆಟ್ಟದ್ದು, ಹಗ್ಗ ಬಿಟ್ಟದ್ದು ಎಲ್ಲವೂ ವಿವರವಾಗಿವೆ. ದೂರದಲ್ಲಿ ಮಸ್ಕೀಟೋ ಅಳಿವೆಯ ದೀಪಸ್ತಂಭ ಗುಂಡುಸೂಜಿಯ ತುದಿಯ ಹಾಗೆ ಕಂಡಿತು, ದೋಣಿಯನ್ನು ದಡದ ಕಡೆ ತಿರುಗಿಸಿದೆವು. ಅಲ್ಲಿಗೆ ನಿಲ್ಲುತ್ತದೆ. ತೆರೆದ ದೋಣಿಯಲ್ಲಿ ಕಳೆದ 30 ಗಂಟೆಗಳ ಚರಿತ್ರೆಯನ್ನು ಇಲ್ಲಿ, ಈಗ ಹೇಳುವುದಿಲ್ಲ ಎಂದು ನೇರವಾಗಿಯೇ ಬರೆದು, ಒಂದೇ ನೆಗೆತಕ್ಕೆ ದಡಕ್ಕೆ ಹೋಗುತ್ತಾನೆ. ದಡದಲ್ಲಿ ಡೇಟೋನಾದ ಒಬ್ಬ ಮನುಷ್ಯ ಓಡಿಬರುತ್ತಾ ಬಟ್ಟೆ ಕಳಚಿ ಎಸೆಯುತ್ತಾನೆ, ಗಾಳಿಯ ತುಂಬಾ ಬಟ್ಟೆ. ಕೊನೆಗೆ ಮರಳಿನ ಮೇಲೆ ಹಣೆಯೂರಿ ಬಿದ್ದ ಬಿಲ್ಲಿ ಹಿಗಿನ್ಸ್.

ಸುದ್ದಿಮನೆಯಲ್ಲಿ ಪ್ರೂಫ್ ತಿದ್ದಿದವರು ಇಲ್ಲಿ ನಿಲ್ಲುತ್ತಾರೆ. ಬದುಕಿ ಬಂದವನ ಹತ್ತಿರ ಎಲ್ಲರೂ ಕೇಳುವುದು ಅದನ್ನೇ ತಾನೇ, ದೋಣಿಯಲ್ಲಿ ಏನಾಯಿತು? ಅದನ್ನೇ ಎತ್ತಿಟ್ಟುಕೊಂಡಿದ್ದಾನೆ. ಜಿಪುಣತನ ಅನ್ನಿ, ಕಸುಬುದಾರನ ಬುದ್ಧಿ ಅನ್ನಿ. ನನ್ನ ಮಟ್ಟಿಗೆ ಇದು ಎರಡನೆಯದೇ. ನಡೆದದ್ದನ್ನು ಹೇಳುವುದಕ್ಕೆ ಐದು ದಿನ ಸಾಕಾಯಿತು. ಏನೂ ನಡೆಯದ 30 ಗಂಟೆ, ಬರೀ ಹುಟ್ಟು ಹಾಕುವುದು, ನೀರು ಮೊಗೆದು ಚೆಲ್ಲುವುದು, ನಿದ್ದೆ ತೂಗುವುದು, ಇದಕ್ಕೆ ಬೇರೆಯೇ ಬರವಣಿಗೆ ಬೇಕಿತ್ತು.

ಆ ಬರವಣಿಗೆ ‘ದಿ ಓಪನ್ ಬೋಟ್’ ಎಂಬ ಕಥೆಯಾಗಿ 1897ರ ಜೂನ್‌ನಲ್ಲಿ ‘ಸ್ಕ್ರಿಬ್ನರ್ಸ್’ ಮಾಸಪತ್ರಿಕೆಯಲ್ಲಿ ಬಂತು. ವರದಿ ಬಿಟ್ಟಲ್ಲಿಂದಲೇ ಕಥೆ ಶುರು. ಆಕಾಶದ ಬಣ್ಣ ಏನೆಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ ಎಂಬುದು ಮೊದಲ ಮಾತು. ಗೊತ್ತಾಗುವುದಾದರೂ ಹೇಗೆ, ಎಲ್ಲರ ಕಣ್ಣೂ ಮೇಲೆ ಬೀಳಲು ಬರುವ ಮುಂದಿನ ತೆರೆಯ ಮೇಲೆ. ದೀಪಸ್ತಂಭ ಇಲ್ಲೂ ಗುಂಡುಸೂಜಿಯ ತುದಿಯೇ. ಎರಡು ಬರಹಗಳನ್ನು ಹೊಲಿದಿರುವ ಸೂಜಿ ಅದೊಂದೇ.

ಕಥೆಯಲ್ಲಿ ಕ್ರೇನ್ ಎಂಬವನಿಲ್ಲ, ‘ವರದಿಗಾರ’ನಿದ್ದಾನೆ. ಕ್ಯಾಪ್ಟನ್, ಅಡುಗೆಯವ, ಎಣ್ಣೆಯವ. ಹೆಸರು ಹಿಡಿದು ಕರೆಸಿಕೊಳ್ಳುವವನು ಒಬ್ಬನೇ, ಬಿಲ್ಲಿ. ಸಾಯುವವನಿಗೆ ಮಾತ್ರ ಹೆಸರು. ದೋಣಿಯಲ್ಲಿ ಜಾಗ ಬದಲಿಸುವುದಕ್ಕಿಂತ ಕಾವಿಗೆ ಕೂತ ಕೋಳಿಯ ಅಡಿಯಿಂದ ಮೊಟ್ಟೆ ಕದಿಯುವುದು ಸುಲಭ ಎನ್ನುತ್ತಾನೆ. ಅಡುಗೆಯವನೂ ವರದಿಗಾರನೂ ವಾದಕ್ಕಿಳಿಯುತ್ತಾರೆ: ದಡದಲ್ಲಿರುವ ಆಸರೆಮನೆಯಲ್ಲಿ ಜೀವ ಉಳಿಸುವ ಸಿಬ್ಬಂದಿ ಇರುತ್ತಾರೋ, ಇಲ್ಲಾ ಹಡಗೊಡೆದು ಬಂದವರಿಗೆಂದು ಬಟ್ಟೆ, ಊಟ ಮಾತ್ರ ಇಟ್ಟಿರುತ್ತಾರೋ? ಸಾವಿನ ಬಾಯಲ್ಲಿ ಕೂತು ಮಾಡುವ ಈ ಕಟ್ಟೆಪುರಾಣ ಓದುವಾಗ ನಗು ಬರುತ್ತದೆ, ಬರಬೇಕೆಂದೇ ಬರೆದದ್ದು. ಸುತ್ತ 20 ಮೈಲಿಯಲ್ಲಿ ಅಂಥ ಸಿಬ್ಬಂದಿಯೇ ಇರಲಿಲ್ಲವೆಂದು ಕಥೆಯೇ ನಡುವೆ ಹೇಳಿಬಿಡುತ್ತದೆ. ದಡದಲ್ಲಿ ಯಾರೋ ಕೋಟು ಬೀಸುತ್ತಾನೆ. ಇವರು ಅದಕ್ಕೆ ಹತ್ತು ಅರ್ಥ ಹಚ್ಚುತ್ತಾರೆ. ಅವನು ಸುಮ್ಮನೆ ಕೈಬೀಸುವ ಪ್ರವಾಸಿ.

ಇನ್ನು ಚುಟ್ಟಾಗಳ ವಿಷಯ. ವರದಿಗಾರ ಜೇಬು ತಡಕಿದಾಗ ಎಂಟು ಚುಟ್ಟಾ ಸಿಗುತ್ತವೆ. ನಾಲ್ಕು ನೆಂದು ಮುದ್ದೆ, ನಾಲ್ಕು ಒಣಗಿದಂತೆಯೇ ಇವೆ. ಇನ್ನೊಬ್ಬನ ಬಳಿ ಮೂರು ಬೆಂಕಿಕಡ್ಡಿ. ನಾಲ್ವರೂ ಹಚ್ಚಿಕೊಂಡು, ಇನ್ನೇನು ಬಂದು ಕರೆದೊಯ್ಯುತ್ತಾರೆ ಎಂಬ ನಂಬಿಕೆಯಲ್ಲಿ ಹೊಗೆ ಬಿಡುತ್ತಾ ದಡದ ಕಡೆ ಸಾಗುತ್ತಾರೆ. ಸಾಹುಕಾರರ ಗತ್ತು. ಯಾರೂ ಬರುವುದಿಲ್ಲ. ಅಬ್ಬರದ ತೆರೆಗೆ ಹೆದರಿ ಮತ್ತೆ ಕಡಲಿಗೇ ತಿರುಗುತ್ತಾರೆ, ಇಡೀ ರಾತ್ರಿ ಎಣ್ಣೆಯವನೂ ವರದಿಗಾರನೂ ಸರದಿಯಲ್ಲಿ ಹುಟ್ಟು ಹಾಕುತ್ತಾರೆ. ಹಡಗು ಕೆಡುವ ಮೊದಲು ಎಣ್ಣೆಯವನು ಇಂಜಿನ್ ಕೋಣೆಯಲ್ಲಿ ಎರಡು ಪಾಳಿ ದುಡಿದಿದ್ದ ಎಂಬ ಮಾತನ್ನು ಕಥೆ ಹೋಗುಹೋಗುತ್ತಾ ಹೇಳುತ್ತದೆ. ಅದನ್ನು ಓದುಗ ಮರೆಯುತ್ತಾನೆ. ಕೊನೆಯಲ್ಲಿ ಅದು ಚುಚ್ಚುತ್ತದೆ. ಏಕೆಂದರೆ ದೋಣಿ ಮಗುಚಿದ ಮೇಲೆ ಎಲ್ಲರಿಗಿಂತ ಮುಂದೆ, ಬಿರುಸಾಗಿ ಈಜುತ್ತಿದ್ದವನು ಅವನೇ. ಕ್ಯಾಪ್ಟನ್ ಗಾಯಾಳು, ದೋಣಿಯ ತಳಕ್ಕೆ ಜೋತುಬಿದ್ದವ, ಬದುಕಿದ. ಅಡುಗೆಯವ ಬದುಕಿದ. ವರದಿಗಾರನನ್ನು ಒಂದು ತೆರೆ ಎತ್ತಿ ದೋಣಿಯಾಚೆ, ಸೊಂಟಮಟ್ಟದ ನೀರಿಗೆ ಎಸೆಯಿತು. ಗಟ್ಟಿಗ ಸತ್ತ.

ಪ್ರಕೃತಿಗೆ ನಾನು ಮುಖ್ಯನಲ್ಲ ಎಂದು ತಿಳಿದಾಗ ಮನುಷ್ಯನಿಗೆ ಗುಡಿಯ ಮೇಲೆ ಇಟ್ಟಿಗೆ ಎಸೆಯಬೇಕೆನಿಸುತ್ತದಂತೆ. ಇಟ್ಟಿಗೆಯೂ ಇಲ್ಲ, ಗುಡಿಯೂ ಇಲ್ಲ ಎಂಬುದೇ ಅವನ ಸಂಕಟವಂತೆ. ಈ ಕಥೆಯ ಬಗ್ಗೆ ಬರೆಯುವವರೆಲ್ಲ ಈ ಮಾತಿನ ಸುತ್ತಲೇ ಸುತ್ತುತ್ತಾರೆ: ಕಡಲು ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ, ಅದಕ್ಕೆ ನಾವು ಲೆಕ್ಕಕ್ಕಿಲ್ಲ. ಸರಿಯೇ. ಆದರೆ ಹಗ್ಗ ಬಿಟ್ಟದ್ದು ಕಡಲಲ್ಲ.

ಕಥೆಯಲ್ಲಿ ಆ ಏಳು ಜನ ಎಲ್ಲಿ? ಹುಡುಕಿದರೆ ಸಿಗುತ್ತಾರೆ, ಅರ್ಧ ವಾಕ್ಯದಲ್ಲಿ. ಶುರುವಿನಲ್ಲೇ, ದೋಣಿಯ ಮೂತಿಯಲ್ಲಿ ಮಲಗಿದ ಕ್ಯಾಪ್ಟನ್‌ನ ಮನಸ್ಸಿನಲ್ಲಿ, ನಸುಕಿನ ಬೂದು ಬೆಳಕಲ್ಲಿ ಇತ್ತ ತಿರುಗಿದ ಏಳು ಮುಖಗಳು. ಅಷ್ಟೇ. ತೆಪ್ಪವಿಲ್ಲ, ಹಗ್ಗವಿಲ್ಲ, ಕೈಕಟ್ಟಿ ನಿಂತವನಿಲ್ಲ. ಅದೂ ವರದಿಗಾರನ ನೆನಪಲ್ಲಿ ಅಲ್ಲ, ಕ್ಯಾಪ್ಟನ್‌ನ ನೆನಪಲ್ಲಿ. ನೋಡಿದವನು ತಾನು, ನೋವನ್ನು ಕೊಟ್ಟದ್ದು ಇನ್ನೊಬ್ಬನಿಗೆ. ಮುಂದೆ ಕಥೆಯಲ್ಲಿ ಪಲ್ಲವಿಯಂತೆ ಬರುವ ಮಾತೊಂದಿದೆ: ನಾನು ಮುಳುಗಿಯೇ ಸಾಯಬೇಕಿದ್ದರೆ, ಕಡಲನ್ನಾಳುವ ಏಳು ಹುಚ್ಚು ದೇವರ ಆಣೆ, ಮರಳನ್ನೂ ಮರಗಳನ್ನೂ ತೋರಿಸಲು ಇಲ್ಲಿಯವರೆಗೆ ಯಾಕೆ ಬಿಟ್ಟಿರಿ? ಏಳು ಮುಖ, ಏಳು ದೇವರು. ಕಾಕತಾಳೀಯ ಇರಬಹುದು. ನನಗೆ ಹಾಗೆ ಓದಲು ಆಗುತ್ತಿಲ್ಲ.

ಕಥೆಗಾರನಾಗಿ ಅವನು ಮಾಡಿದ್ದು ತಪ್ಪೆಂದು ಹೇಳುತ್ತಿಲ್ಲ. ತೆಪ್ಪಗಳನ್ನು ತಂದಿದ್ದರೆ ನಾಲ್ವರ ಆ ಅಣ್ಣತಮ್ಮಂದಿರಂಥ ಬಾಂಧವ್ಯಕ್ಕೆ ಮೊದಲ ಪುಟದಲ್ಲೇ ಹುಳಿ ಬೀಳುತ್ತಿತ್ತು. ನಮ್ಮ ಕೈ ಹಗ್ಗ ಬಿಟ್ಟಿತು ಎಂದ ಬಾಯಲ್ಲಿ, ಲೋಕಕ್ಕೆ ನಮ್ಮ ಪರಿವೆಯಿಲ್ಲ ಎಂಬ ಮಾತು ನಿಲ್ಲುವುದು ಕಷ್ಟ. ಕಥೆ ಗಟ್ಟಿಯಾದದ್ದು ಆ ಏಳು ಜನರನ್ನು ಹೊರಗಿಟ್ಟಿದ್ದರಿಂದ. ಇದು ಹೊಗಳಿಕೆಯೂ ಹೌದು, ದೂರೂ ಹೌದು.

ಸರಿಯಾಗಿ ಬಂದಿದೆಯೇ, ಎಡ್?

ಜಾಕ್ಸನ್‌ವಿಲ್‌ಗೆ ಮರಳಿದ ಕ್ರೇನ್ ಅಲ್ಲಿನ ಊಟದ ಹೋಟೆಲೊಂದರಲ್ಲಿ ಕೂತು ಹಸ್ತಪ್ರತಿಯನ್ನು ಕ್ಯಾಪ್ಟನ್ ಮರ್ಫಿಗೆ ಓದಿ ಹೇಳುತ್ತಿದ್ದುದನ್ನು, ಪಕ್ಕದಲ್ಲಿದ್ದ ರಾಲ್ಫ್ ಪೇನ್ ಎಂಬ ಇನ್ನೊಬ್ಬ ಪತ್ರಕರ್ತ ಕೇಳಿಸಿಕೊಂಡು ಬಹಳ ವರ್ಷಗಳ ಮೇಲೆ ಬರೆದಿದ್ದಾನೆ. ಕೇಳು ಎಡ್, ನಿನ್ನ ಕಣ್ಣಿಂದ ನೋಡಿದರೂ ಇದು ಸರಿಯಿರಬೇಕು ಎನ್ನುತ್ತಾನೆ ಕ್ರೇನ್. ಹೌದು ಸ್ಟೀವ್, ನಡೆದದ್ದು ಹಾಗೇ, ನಮಗೆ ಅನಿಸಿದ್ದೂ ಹಾಗೇ, ಇನ್ನಷ್ಟು ಓದು ಎನ್ನುತ್ತಾನೆ ಮರ್ಫಿ. ಹಡಗು ಕಳಕೊಂಡ ಕ್ಯಾಪ್ಟನ್, ಚಿನ್ನದ ನಾಣ್ಯದೊಂದಿಗೆ ಯುದ್ಧಕ್ಕೆಂದು ಹೊರಟು ಯುದ್ಧವನ್ನೇ ಕಾಣದ ವರದಿಗಾರ.

ಯುದ್ಧ ಅವನಿಗೆ ಸಿಕ್ಕಿದ್ದು ಅದೇ ವರ್ಷ ಗ್ರೀಸ್‌ನಲ್ಲಿ, ತುರ್ಕಿಯ ವಿರುದ್ಧದ ಕಾಳಗದಲ್ಲಿ. ಅದನ್ನು ನೋಡಿ ಬಂದು, ‘ರೆಡ್ ಬ್ಯಾಜ್’ ಸರಿಯಾಗಿಯೇ ಇದೆ ಎಂದು ಗೆಳೆಯ, ಕಾದಂಬರಿಕಾರ ಜೋಸೆಫ್ ಕಾನ್ರಾಡ್‌ಗೆ ಹೇಳಿದ. 1898ರಲ್ಲಿ ಕ್ಯೂಬಾವನ್ನೂ ಕಂಡ, ಗ್ವಾಂಟನಮೋದಲ್ಲಿ ಗುಂಡಿನ ಮಳೆಯಲ್ಲಿ ನಿಂತು ಬಾವುಟ ಬೀಸಿ ಸಂಕೇತ ಕೊಡುತ್ತಿದ್ದ ಸೈನಿಕರ ಬಗ್ಗೆ ಬರೆದ. ಆಮೇಲೆ ಇಂಗ್ಲೆಂಡಿನ ಸಸೆಕ್ಸ್‌ನ ಹಳೇ ಬಂಗಲೆ, ತಲೆಯ ಮೇಲೆ ಸಾಲ, ಎದೆಯಲ್ಲಿ ಕ್ಷಯ. ಜರ್ಮನಿಯ ಬಾಡೆನ್‌ವೈಲರ್‌ನಲ್ಲಿ 1900ರ ಜೂನ್ 5ರಂದು ತೀರಿಕೊಂಡ, 28 ವರ್ಷಕ್ಕೆ. ನಾಲ್ಕು ವರ್ಷದ ಮೇಲೆ ಅದೇ ಊರಲ್ಲಿ ಅದೇ ಕಾಯಿಲೆಗೆ ರಷ್ಯಾದ ಕತೆಗಾರ ಚೆಕಾಫ್ ತೀರಿಕೊಂಡ.

1898ರಲ್ಲಿ ಕಥೆ ಪುಸ್ತಕವಾಗಿ ಬಂದಾಗ ಅದಕ್ಕೊಂದು ಅರ್ಪಣೆಯಿತ್ತು: ಮುಳುಗಿದ ‘ಕಮೊಡೋರ್’ ಹಡಗಿನ ದಿವಂಗತ ವಿಲಿಯಂ ಹಿಗಿನ್ಸ್, ಕ್ಯಾಪ್ಟನ್ ಎಡ್ವರ್ಡ್ ಮರ್ಫಿ, ಸಿ.ಬಿ. ಮಾಂಟ್‌ಗೊಮರಿ ಇವರಿಗೆ. ದೋಣಿಯಲ್ಲಿದ್ದ ಮೂವರ ಹೆಸರೂ ಅಲ್ಲಿದೆ. ಟಾಮ್ ಸ್ಮಿತ್‌ನ ಹೆಸರು ಬೇಕೆಂದರೆ ಜನವರಿ 7ರ ಪತ್ರಿಕೆಯನ್ನೇ ತೆಗೆಯಬೇಕು. ತೆಪ್ಪಕ್ಕೆ ಹಾರಿ, ಮುಖವನ್ನು ಡಿಂಗಿಯ ಕಡೆ ತಿರುಗಿಸಿಕೊಂಡು ಅವನು ಇನ್ನೂ ಅಲ್ಲೇ ಇದ್ದಾನೆ.